ಗಿಳಿ ಮಾರ್ಕಾದ ಹಿತ್ತಾಳೆ ತಗಡು

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನನ್ನದೊಂದು ಪಾತ್ರೆ ಅಂಗಡಿ ಇದೆ. ಅಂಗಡಿಯ ಮೆಟ್ಟಿಲಿನ ಎಡಗಡೆ, ಕೊಡಗಳನ್ನು ಪೇರಿಸಿಟ್ಟ ಜಾಗದ ಪಕ್ಕದಲ್ಲಿ, ಮಡಚಿದ ಗೋಣಿಚೀಲದ ಮೇಲೆ ಮಕಬೂಲಸಾಬರು, ನನ್ನ ಬಾಯಲ್ಲಿ ಚಾಚಾ, ಕೂರುತ್ತಾರೆ. ಮೂವತ್ತೊಂದು ವರ್ಷದಿಂದ ಕೂರುತ್ತಿದ್ದಾರೆ. ನನ್ನಲ್ಲಿ ಪಾತ್ರೆ ಕೊಂಡವರು ಅದನ್ನು ಅವರ ಮುಂದಿಡುತ್ತಾರೆ, ಅವರು ಸಣ್ಣ ಉಳಿ, ಸುತ್ತಿಗೆ ಹಿಡಿದು ಅದರ ಮೇಲೆ ಹೆಸರು ಕೊರೆದು ಕೊಡುತ್ತಾರೆ. ಉಳಿದ ಅಂಗಡಿಗಳಿಗೆಲ್ಲ ಕರೆಂಟಿನ ಪೆನ್ನು ಬಂದು ಎಷ್ಟೋ ಕಾಲವಾಯಿತು. ಅದು ಕೊರೆದ ಅಕ್ಷರವನ್ನು ಕೊರೆದವನೇ ಓದಬೇಕು. ಚಾಚಾನ ಅಕ್ಷರ ಮಾತ್ರ ಮೊಮ್ಮಕ್ಕಳ ಕಾಲಕ್ಕೂ ಹಾಗೇ ಇರುತ್ತದೆ ಎಂದು ನಾನು ಗಿರಾಕಿಗಳಿಗೆ ದಿನವೂ ಹೇಳುತ್ತೇನೆ. ಅರ್ಧ ವ್ಯಾಪಾರಕ್ಕೆ ಹೇಳುವುದು, ಅರ್ಧ ಖರೆ.

ಅವರಿಗೆ ಈಗ ಎಪ್ಪತ್ತೆಂಟು. ಮಾತು ಕಡಿಮೆ, ಮೂಗಿನ ತುದಿಯಲ್ಲಿ ಕನ್ನಡಕ, ಮಧ್ಯಾಹ್ನ ಹೆಂಡತಿ ಗುಲ್ಜಾರಬಿ ಕಟ್ಟಿಕೊಟ್ಟ ಡಬ್ಬಿ. ಗಿರಾಕಿ ಇಲ್ಲದಾಗ ಸುಮ್ಮನೆ ಕೂತು ಉಳಿ ಮಸೆಯುತ್ತಾರೆ. ಅವರ ಪೆಟ್ಟಿಗೆಯಲ್ಲಿ ಒಂದು ತಂತಿಗೆ ಪೋಣಿಸಿದ ನೂರಾರು ಹಿತ್ತಾಳೆ ತುಂಡುಗಳಿವೆ. ಆನೆ, ತಕ್ಕಡಿ, ನಕ್ಷತ್ರ, ಎತ್ತಿನ ತಲೆ, ತಾವರೆ, ಕುದುರೆ ಲಾಳ, ಹೀಗೆ. ಇವು ಈ ಊರಿನ ವ್ಯಾಪಾರಸ್ಥರ ಹಳೆಯ ಗುರುತುಗಳು. ಯಾರಿಗೂ ಬೇಡವಾದ ವಸ್ತು ಎಂದುಕೊಂಡಿದ್ದೆ. ಗುಜರಿಗೆ ಹಾಕಿದರೆ ಒಳ್ಳೆ ತೂಕ ಬರುತ್ತದೆ ಎಂದು ಒಮ್ಮೆ ತಮಾಷೆ ಮಾಡಿದ್ದಕ್ಕೆ ಅವರು ಎರಡು ದಿನ ನನ್ನ ಚಹಾ ಕುಡಿಯಲಿಲ್ಲ.

ಈಗ ನಮ್ಮ ಊರಿಗೆ ಹೊಸ ಹುಚ್ಚು ಹಿಡಿದಿದೆ, ಇತಿಹಾಸದ ಹುಚ್ಚು. ಎಲ್ಲರಿಗೂ ತಮ್ಮ ಮುತ್ತಜ್ಜನೇ ಹುಬ್ಬಳ್ಳಿ ಕಟ್ಟಿದ್ದು ಆಗಬೇಕು. ನನ್ನನ್ನು ಕೇಳಿದರೆ ಈ ಊರನ್ನು ಯಾರೂ ಕಟ್ಟಲು ಕೂರಲಿಲ್ಲ. ಕೋಟೆಯ ಮಗ್ಗುಲಿಗೆ ಪೇಟೆ ಬೆಳೆಯಿತು, ಪೇಟೆ ಇದೆ ಎಂದು ರೈಲು ಬಂತು, ರೈಲು ಬಂತು ಎಂದು ಹತ್ತಿಯ ಗಿರಣಿಗಳು ಬಂದವು. ನವಲಗುಂದ, ಗದಗ, ಅಣ್ಣಿಗೇರಿ ಕಡೆಯಿಂದ ಗಾಡಿ ಹೊಡೆದುಕೊಂಡು ಬಂದವರು ಹತ್ತಿ ಮಾರಿ ಹೊಳ್ಳಿ ಹೋಗದೆ ಇಲ್ಲೇ ಉಳಿದರು, ಅಷ್ಟೇ. ನಿನ್ನೆ ಗಾಡಿ ಹೊಡೆದವನಿಗೆ ನಾಳೆ ಅಂಗಡಿ ಬೇಕು, ನಾಡಿದ್ದು ಮಾಳಿಗೆ ಮನೆ ಬೇಕು. ಆ ಆಸೆಯೇ ಈ ಬೈಲಿನ ಒಂದೊಂದು ಓಣಿಯನ್ನೂ ಹಾಕಿದ್ದು.

ಅಂಥವರ ಆಸೆಯಿಂದಲೇ ಚಾಚಾನ ಮನೆತನವೂ ಉಂಡಿತು. ಅವರ ಮುತ್ತಜ್ಜ ತಾಮ್ರದ ಪಾತ್ರೆಗೆ ಕಲಾಯಿ ಹಾಕುವವನು. ಅಜ್ಜ ಲಾಲಸಾಬ ಹಿತ್ತಾಳೆ ತಗಡಿನಲ್ಲಿ ಮಾರ್ಕಾ ಕೊರೆಯುವುದನ್ನು ಕಲಿತ. ಹತ್ತಿ ತುಂಬಿದ ದೊಡ್ಡ ಚೀಲಕ್ಕೆ ಅಂಡಿಗೆ ಎನ್ನುತ್ತಾರೆ. ಅಂಡಿಗೆಯ ಮೇಲೆ ಕೊರೆದ ತಗಡನ್ನಿಟ್ಟು ಕಪ್ಪು ಬಣ್ಣ ತಿಕ್ಕಿದರೆ ವ್ಯಾಪಾರಸ್ಥನ ಗುರುತು ಮೂಡುತ್ತದೆ. ಮುಂಬೈಯಲ್ಲಿ ಕೊಳ್ಳುವವನು ಇವರ ಮುಖ ನೋಡಿರುವುದಿಲ್ಲ, ಊರು ನೋಡಿರುವುದಿಲ್ಲ, ಮಾರ್ಕಾ ಒಂದನ್ನೇ ನೋಡಿ ಹಣ ಕಳಿಸುತ್ತಿದ್ದ. ಹಾಗಾಗಿ ಲಾಲಸಾಬನ ಕಟ್ಟುನಿಟ್ಟು ಒಂದಿತ್ತು. ಒಂದು ಮನೆತನಕ್ಕೆ ಒಂದೇ ತಗಡು. ಹಳೆಯದು ಸವೆದು ಹೊಸದನ್ನು ಕೊಡುವಾಗ, ಹಳೆಯದನ್ನು ಧಣಿಯ ಕಣ್ಣೆದುರಿಗೇ ನಾಲ್ಕು ತುಂಡು ಮಾಡಬೇಕು. ಕೊರೆಯುವಾಗ ಉದುರಿದ ಒಳತುಂಡು ಮಾತ್ರ ಕೊರೆದವನ ಹತ್ತಿರ ಉಳಿಯಬಹುದು, ಅದನ್ನಿಟ್ಟು ಯಾರೂ ಮಾರ್ಕಾ ಒತ್ತಲಾರರು. ಚಾಚಾನ ತಂತಿಯಲ್ಲಿದ್ದದ್ದು ಆ ಒಳತುಂಡುಗಳು.

ಈ ವರ್ಷ ಜನವರಿಯಲ್ಲಿ ಉಮಾಶ್ರೀ ಎಂಬುವವಳು ನನ್ನ ಅಂಗಡಿಗೆ ಬಂದಳು. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ, ನಲವತ್ತರ ಆಸುಪಾಸು. ವ್ಯಾಪಾರಸ್ಥರ ಒಂದು ಸಂಘದವರು ಸ್ಟೇಶನ್ ರಸ್ತೆಯ ಉದ್ದನೆಯ ಗೋಡೆಯ ಮೇಲೆ ಊರಿನ ಹಳೆಯ ಮಾರ್ಕಾಗಳನ್ನು ಬರೆಸುತ್ತಾರಂತೆ, ಹುಡುಕಿ ಕೊಡುವ ಕೆಲಸ ಅವಳದು. ತಂತಿಯ ತುಂಡುಗಳನ್ನು ನೋಡಿ ಅವಳು ನೆಲದ ಮೇಲೇ ಕೂತಳು. ಒಂದೊಂದನ್ನೇ ಎತ್ತಿ ಫೋಟೊ ತೆಗೆಯತೊಡಗಿದಳು. ಅರ್ಧಕ್ಕೆ ಬಂದಾಗ, ಇದರಲ್ಲಿ ಗಿಳಿ ಇದೆಯೇ ಎಂದು ಕೇಳಿದಳು. ಅದು ತನ್ನ ಅಜ್ಜ ಶಂಭುಲಿಂಗಪ್ಪನ ಮಾರ್ಕಾ, ಆದರೆ ಮನೆಯಲ್ಲಿ ಅದರ ಹೆಸರೆತ್ತುವಂತಿಲ್ಲ, ಅಪ್ಪ ನೀಲಕಂಠಪ್ಪನವರು ಅದು ಮೋಸದ ಮಾರ್ಕಾ, ಗೋಡೆಗೆ ಬರೆಸಿದರೆ ನನ್ನ ಹೆಣದ ಮೇಲೆ ಬರೆಸು ಅನ್ನುತ್ತಾರೆ ಎಂದಳು.

ಚಾಚಾ ತಂತಿಯನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. ಗಿಳಿ ಇಲ್ಲ ಎಂದರು. ನಾನು ಅಲ್ಲೇ ನಿಂತಿದ್ದೆ. ಹತ್ತಿ ಕಾಯಿ ಕಚ್ಚಿದ ಗಿಳಿಯನ್ನು ನಾನು ಆ ತಂತಿಯಲ್ಲಿ ನೂರು ಸಲ ನೋಡಿದ್ದೇನೆ. ಅವರು ಅದನ್ನು ಹೆಬ್ಬೆರಳಿನ ಕೆಳಗೆ ಮುಚ್ಚಿ ಹಿಡಿದಿದ್ದರು.

ಅವಳು ಹೋದ ಮೇಲೆ ಮೂರು ದಿನ ಅವರು ಬರಲಿಲ್ಲ. ನಾಲ್ಕನೆಯ ದಿನ ಬಂದವರು ಒಂದು ತಾಟಿನ ಮೇಲೆ ಗಿರಾಕಿಯ ಮಗಳ ಹೆಸರನ್ನು ತಪ್ಪು ಕೊರೆದರು. ಮೂವತ್ತೊಂದು ವರ್ಷದಲ್ಲಿ ಅದೇ ಮೊದಲ ತಪ್ಪು. ಗಿರಾಕಿಗೆ ಬೇರೆ ತಾಟು ಕೊಟ್ಟು ಕಳಿಸಿ, ನಾನು ಅರ್ಧ ಷಟರ್ ಎಳೆದು ಅವರೆದುರು ಕೂತೆ. ಏನು ಮುಚ್ಚಿಡುತ್ತಿದ್ದೀರಿ ಎಂದು ಜೋರಾಗಿಯೇ ಕೇಳಿದೆ. ನನಗೆ ಸುತ್ತು ಬಳಸಿ ಮಾತಾಡಿ ಅಭ್ಯಾಸವಿಲ್ಲ. ಅವರು ಹೇಳಿದರು. ಗುಲ್ಜಾರಬಿಗೂ ಹೇಳದ ಮಾತು ಅದು.

ಅರವತ್ತೆಂಟನೆಯ ಇಸವಿ. ಮಕಬೂಲಸಾಬರಿಗೆ ಆಗ ಇಪ್ಪತ್ತೆರಡು. ಅಜ್ಜ ಲಾಲಸಾಬ ತೀರಿಹೋಗಿದ್ದ, ಅಪ್ಪನಿಗೆ ದಮ್ಮು, ಅಂಗಡಿ ಇವರ ಕೈಗೆ ಬಂದಿತ್ತು. ಹತ್ತಿ ವ್ಯಾಪಾರಸ್ಥ ಶಂಭುಲಿಂಗಪ್ಪ ಗಿಳಿಯ ತಗಡನ್ನು ಹಿಡಿದು ಬಂದ. ಅವನ ಅಪ್ಪ ನವಲಗುಂದದಿಂದ ಬಂದು ಅಂಗಡಿ ಹಾಕಿದಾಗ ಲಾಲಸಾಬ ಕೊರೆದುಕೊಟ್ಟದ್ದು. ಗಿಳಿ ಮಾರ್ಕಾ ಅಂದರೆ ಮುಂಬೈಯಲ್ಲಿ ಅಂಡಿಗೆ ಬಿಚ್ಚಿಯೂ ನೋಡುತ್ತಿರಲಿಲ್ಲವಂತೆ. ತಗಡಿನ ಅಂಚು ಸವೆದು ಬಣ್ಣ ಹರಡತೊಡಗಿತ್ತು. ಮಕಬೂಲ ಹೊಸದು ಕೊರೆದುಕೊಟ್ಟ. ಹಳೆಯದನ್ನು ಮುರಿಯಲು ಕತ್ತರಿ ಎತ್ತಿದಾಗ ಗೂಡ್ಸ್ ಗಾಡಿಗೆ ಹೊತ್ತಾಯಿತೆಂದು ಶಂಭುಲಿಂಗಪ್ಪ ಅವಸರದಲ್ಲಿದ್ದ, ಆಮೇಲೆ ಮುರಿದುಬಿಡು ಎಂದು ಹೇಳಿ ಹೊರಟುಹೋದ.

ಮಕಬೂಲ ಮುರಿಯಲಿಲ್ಲ. ಆ ಗಿಳಿಯ ರೆಕ್ಕೆಯಲ್ಲಿ ಒಂದೊಂದು ಗರಿಯನ್ನೂ ಅಜ್ಜ ಬೇರೆ ಬೇರೆ ಕೊರೆದಿದ್ದ. ತನ್ನ ಹೊಸ ಗಿಳಿ ಅದರ ಮುಂದೆ ಕಾಗೆ ಎಂದು ಅವನಿಗೆ ಗೊತ್ತಿತ್ತು. ಇನ್ನೂ ಒಂದು ಆಸೆ ಇತ್ತು. ಅವನಿಗೆ ಓಣಿಯ ಒಳಗಿನ ಅಂಗಡಿ ಸಾಕಾಗಿತ್ತು, ಬೈಲಿನ ಮುಖಕ್ಕೇ ಬೋರ್ಡು ಬರೆಯುವ ದೊಡ್ಡ ಅಂಗಡಿ ಹಾಕಬೇಕಿತ್ತು. ನಮ್ಮ ಮನೆತನದ ಕೈ ನೋಡಿ ಎಂದು ಬಂದವರಿಗೆ ತೋರಿಸಲು ಆ ತಗಡನ್ನು ತೊಳೆದು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ.

ಮರುದಿನ ಶುಕ್ರವಾರ, ಇನ್ನೂ ಯಾರಿಗೂ ತೋರಿಸುವ ಮೊದಲೇ, ನಮಾಜಿಗೆ ಹೋಗಿ ಬಂದಾಗ ಮೊಳೆ ಖಾಲಿಯಿತ್ತು.

ಆ ಕ್ಷಣವೇ ಓಡಿಹೋಗಿ ಶಂಭುಲಿಂಗಪ್ಪನಿಗೆ ಹೇಳಿದ್ದರೆ ಅವನು ಅದೇ ಸಂಜೆ ಮುಂಬೈಗೆ ತಾರು ಕೊಟ್ಟು ಮಾರ್ಕಾ ಬದಲಿಸುತ್ತಿದ್ದ. ಮಕಬೂಲ ಹೇಳಲಿಲ್ಲ. ಹೇಳಿದರೆ ಹಳೆಯ ತಗಡು ಮುರಿಯದವನು ಎಂಬ ಹೆಸರು ಬರುತ್ತದೆ, ಮರುದಿನದಿಂದ ಒಬ್ಬ ವ್ಯಾಪಾರಸ್ಥನೂ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ. ಹಿತ್ತಾಳೆಯ ಆಸೆಗೆ ಯಾವನೋ ಕದ್ದಿದ್ದಾನೆ, ಕರಗಿಸಿಬಿಡುತ್ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಎರಡು ವಾರ ಕಳೆಯಿತು. ಮುಂಬೈಯಿಂದ ಸುದ್ದಿ ಬಂತು. ಗಿಳಿ ಮಾರ್ಕಾದ ಅಂಡಿಗೆಗಳಲ್ಲಿ ನೀರು ಹೊಡೆದ ಹತ್ತಿ, ನಡುವೆ ಉಸುಕು.

ಪೇಟೆಯ ಹಿರಿಯರು ನಾಲ್ವರು ಕೂಡಿದರು. ತನ್ನ ಮಾಲು ಅಲ್ಲವೆಂದು ಶಂಭುಲಿಂಗಪ್ಪ ಹೇಳಿದ. ಹಾಗಾದರೆ ನಿನ್ನ ಮಾರ್ಕಾ ಅದರ ಮೇಲೆ ಹೇಗೆ ಬಂತು ಎಂದು ಅವರು ಕೇಳಿದರು. ಮಕಬೂಲನನ್ನು ಕರೆಸಿದರು. ಎಲ್ಲರೆದುರು ಶಂಭುಲಿಂಗಪ್ಪನೇ ಕೇಳಿದ.

"ಹಳೇ ತಗಡ ಮುರದಿಯೇನಪಾ?"

"ಮುರದೇನ್ರಿ, ಧಣ್ಯಾರ."

ಅಷ್ಟೇ ಮಾತು. ಶಂಭುಲಿಂಗಪ್ಪ ಅದನ್ನು ನಂಬಿದ. ಲಾಲಸಾಬನ ಮೊಮ್ಮಗ ಸುಳ್ಳಾಡುತ್ತಾನೆ ಎಂದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ. ಹೊಸ ತಗಡು ಇರುತ್ತಿದ್ದುದು ಅವನ ಗೋದಾಮಿನ ಪೆಟ್ಟಿಗೆಯಲ್ಲಿ. ಅದಕ್ಕೆ ಎರಡು ಕೀಲಿಕೈ, ಒಂದು ಅವನ ಉಡಿದಾರದಲ್ಲಿ, ಇನ್ನೊಂದು ಹತ್ತೊಂಬತ್ತು ವರ್ಷದ ಮಗ ನೀಲಕಂಠನ ಹತ್ತಿರ. ತಾನು ಮಾಡಿಲ್ಲ ಎಂದರೆ ಮಗನೇ ಮಾಡಿರಬೇಕು. ಅದೇ ವಾರ ಮಗನನ್ನು ಮನೆಯಿಂದ ಹೊರಗೆ ಹಾಕಿದ, ಅಂಗಡಿ ಮುಚ್ಚಿದ. ಆರು ವರ್ಷಕ್ಕೆ ತೀರಿಕೊಂಡ. ಅಷ್ಟೂ ವರ್ಷ ಮಗನ ಜೊತೆ ಮಾತಾಡಲಿಲ್ಲ.

"ನೀಲಕಂಠ ನನ್ನ ದೋಸ್ತ ಇದ್ದ, ಪ್ರಸಾದ" ಎಂದರು ಚಾಚಾ. "ದಿನಾ ಸಂಜೀಕ ಇಬ್ಬರೂ ಒಂದ ಪೊಟ್ಟಣದಾಗ ಗಿರಮಿಟ್ ತಿಂತಿದ್ವಿ. ಅವನ್ನ ಹೊರಗ ಹಾಕಿದ್ದು ಗೊತ್ತಾದ ಮ್ಯಾಲೂ ನಾ ಬಾಯಿ ಬಿಡಲಿಲ್ಲ."

ಬೈಲಿನ ಮುಖಕ್ಕೆ ದೊಡ್ಡ ಅಂಗಡಿ ಅವರು ಹಾಕಲೇ ಇಲ್ಲ. ಮಾರ್ಕಾ ಕೊರೆಯುವುದನ್ನು ಆ ವರ್ಷವೇ ಬಿಟ್ಟರು. ಕುಲುಮೆ ಕೆಲಸ, ಸ್ಟವ್ ರಿಪೇರಿ, ಆಮೇಲೆ ನನ್ನ ಮೆಟ್ಟಿಲು. ಹತ್ತಿಯ ಪೇಟೆಯೂ ಬೈಲು ಬಿಟ್ಟು ಎಪಿಎಂಸಿ ಯಾರ್ಡಿಗೆ ಹೋಯಿತು. ಕದ್ದವನು ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಇನ್ನು ನನ್ನ ಪಾಲು ಹೇಳಬೇಕು. ಹೋಗಿ ಹೇಳಿಬಿಡಿ ಎಂದು ಗಂಟುಬಿದ್ದವನು ನಾನು. ನಿಮ್ಮ ದೋಸ್ತ ಐವತ್ತಾರು ವರ್ಷ ಕಳ್ಳನ ಹೆಸರು ಹೊತ್ತಿದ್ದಾನೆ, ಸಾಯುವ ಮೊದಲು ಅವನಿಗೆ ಬಿಡುಗಡೆ ಕೊಡಿ, ನಿಮ್ಮ ಎದೆಯೂ ಹಗುರಾಗುತ್ತದೆ ಎಂದೆ. ಹಗುರಾಗುತ್ತದೆ ಎಂಬ ಮಾತನ್ನು ಎಷ್ಟು ಸಲೀಸಾಗಿ ಆಡಿದೆನೋ. ಹೊರುವವನು ನಾನಾಗಿರಲಿಲ್ಲವಲ್ಲ. ಚಾಚಾ ಹದಿನೈದು ದಿನ ತೆಗೆದುಕೊಂಡರು. ಒಂದು ಭಾನುವಾರ ಮುಂಜಾನೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಿಸೆಯಲ್ಲಿ ಗಿಳಿಯ ಒಳತುಂಡು ಇಟ್ಟುಕೊಂಡು ಬಂದರು. ಸ್ಕೂಟರಿನ ಹಿಂದೆ ಕೂಡಿಸಿಕೊಂಡು ವಿದ್ಯಾನಗರಕ್ಕೆ ಕರೆದೊಯ್ದೆ.

ನೀಲಕಂಠಪ್ಪನವರು ಕಾಲೇಜಿನಲ್ಲಿ ಕಾರಕೂನರಾಗಿದ್ದು ನಿವೃತ್ತರಾದವರು. ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು. ಹೃದಯ ಸೋತು ಕಾಲು ಬಾತಿದ್ದವು, ಮಾತಾಡಿದರೆ ಉಸಿರು ಹಿಡಿಯುತ್ತಿತ್ತು. ಚಾಚಾನನ್ನು ಕಂಡು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಮುಖವೆಲ್ಲ ಅರಳಿತು.

"ಮಕಬೂಲ, ಗಿರಮಿಟ್ ತಂದೀಯೇನು?"

ಆ ಮಾತು ಕೇಳಿ ನನಗೆ ಅಲ್ಲಿಂದ ಎದ್ದು ಓಡಬೇಕೆನಿಸಿತು. ಚಾಚಾ ಕೂರಲಿಲ್ಲ. ನಿಂತುಕೊಂಡೇ ಗಿಳಿಯನ್ನು ತೆಗೆದು ಅವರ ಅಂಗೈಯಲ್ಲಿಟ್ಟರು. ತಗಡು ಮುರಿಯದೆ ಇದ್ದದ್ದು, ಮೊಳೆಗೆ ಹಾಕಿದ್ದು, ಕಳೆದದ್ದು, ಹಿರಿಯರ ಮುಂದೆ ಸುಳ್ಳು ಹೇಳಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಉಮಾಶ್ರೀ ಒಳಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತೇ ಇದ್ದಳು.

ನೀಲಕಂಠಪ್ಪನವರು ಬೈಯುತ್ತಾರೆ ಎಂದುಕೊಂಡಿದ್ದೆ. ಅಥವಾ ಅಳುತ್ತಾರೆ, ಕಡೆಗೂ ಕಳಂಕ ಕಳೆಯಿತು ಎಂದು. ಅವರು ಅಂಗೈಯ ಗಿಳಿಯನ್ನು ನೋಡುತ್ತಲೇ ಇದ್ದರು. ಹೆಬ್ಬೆರಳಿನಿಂದ ಅದರ ರೆಕ್ಕೆ ಸವರಿ ಅಂದರು.

"ಹಂಗಾರ ನಮ್ಮ ಅಪ್ಪ ಮಾಡಿರಲಿಲ್ಲ."

ಮಗಳಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಆಮೇಲೆ ಅವರು ತಡೆದು ತಡೆದು ಹೇಳಿದರು. ಕೀಲಿಕೈ ಇದ್ದದ್ದು ಇಬ್ಬರ ಹತ್ತಿರ. ತಾನು ಮಾಡಿಲ್ಲವೆಂಬುದು ತನಗೆ ಗೊತ್ತಿತ್ತು. ಹಾಗಾದರೆ ಅಪ್ಪನೇ ಮಾಡಿರಬೇಕು, ಮಾಡಿ ಮಗನ ತಲೆಗೆ ಕಟ್ಟಿ ತಾನು ಪಾರಾಗುತ್ತಿದ್ದಾನೆ ಎಂದುಕೊಂಡರು. ನಾನಲ್ಲ ಎಂದು ಬೀದಿಯಲ್ಲಿ ನಿಂತು ಕೂಗಿದರೆ ಊರು ಅಪ್ಪನ ಕಡೆ ಬೊಟ್ಟು ಮಾಡುತ್ತದೆ. ಅದಕ್ಕೆ ಬಾಯಿ ಮುಚ್ಚಿಕೊಂಡು ಮನೆ ಬಿಟ್ಟರು. ಬಾಯಿಯನ್ನೇನೋ ಮುಚ್ಚಿದರು, ಒಳಗಿನ ಸಿಟ್ಟನ್ನು ಮಾತ್ರ ಐವತ್ತಾರು ವರ್ಷ ಕಾದಿಟ್ಟರು. ಹೆಂಡತಿಗೆ, ಮಕ್ಕಳಿಗೆ, ನಿಮ್ಮ ಅಜ್ಜ ಮೋಸಗಾರ ಎಂದೇ ಹೇಳಿದ್ದರು.

"ನಾ ಅವನ ಮಣ್ಣಿಗೆ ಹೋಗಲಿಲ್ಲ, ಮಕಬೂಲ" ಎಂದರು. "ಹೇಳಿ ಕಳಿಸಿದ್ರು. ಇಲ್ಲೇ ವಿದ್ಯಾನಗರದಾಗ ಇದ್ದೆ. ಆಫೀಸಿಗೆ ಹೋಗಿ ಕುಂತೆ. ದಿನಾಪೂರ್ತಿ ಕುಂತೆ."

ಆಮೇಲೆ ಅವರೇ ಕೇಳಿದರು.

"ನೀ ಹೋಗಿದ್ದಿ?"

"ಹೋಗಿದ್ದೆ."

"ಮಣ್ಣ ಹಾಕಿದಿ?"

"ಒಂದ ಹಿಡಿ ಹಾಕಿದೆ."

ನೀಲಕಂಠಪ್ಪನವರು ಕಣ್ಣು ಮುಚ್ಚಿದರು. ನಾನು ನೀರು ತರಲು ಎದ್ದೆ, ಕೈಯಿಂದಲೇ ಬೇಡವೆಂದರು. ಉಮಾಶ್ರೀಯನ್ನು ಹತ್ತಿರ ಕರೆದು ಗಿಳಿಯನ್ನು ಅವಳ ಕೈಗೆ ಕೊಟ್ಟರು. ಗೋಡೆಗೆ ಬರೆಸು, ಕೆಳಗೆ ಅಜ್ಜನ ಹೆಸರು ಬರೆಸು, ದೊಡ್ಡದಾಗಿ ಬರೆಸು ಎಂದರು. ಆಮೇಲೆ ಚಾಚಾನ ಕಡೆ ತಿರುಗಿದರು. ಸಿಟ್ಟಿನಿಂದ ಹೇಳಿದ್ದಲ್ಲ, ದಣಿದವರ ದನಿ ಅದು.

"ನೀ ಇನ್ನ ನಡಿ. ಮತ್ತ ಬರಬ್ಯಾಡ."

ಗೋಡೆಯ ಕೆಲಸ ಮಾರ್ಚಿನಲ್ಲಿ ನಡೆಯಿತು. ಉಮಾಶ್ರೀ ಬರಲಿಲ್ಲ, ನನಗೆ ಫೋನು ಮಾಡಿ ಬಣ್ಣ ಹಚ್ಚುವವನ ಕೈಯಲ್ಲಿ ಒಳತುಂಡು ಕಳಿಸಿದಳು, ಅದನ್ನು ನೋಡಿ ಹೊಸ ತಗಡು ಕೊರೆಸಿ ಎಂದಳು. ಚಾಚಾ ಎಂಟು ದಿನ ಕೊರೆದರು. ಎರಡು ತಗಡು ಹಾಳಾದವು, ಮೂರನೆಯದರಲ್ಲಿ ಗಿಳಿ ಬಂತು, ಒಂದೊಂದು ಗರಿಯೂ ಬೇರೆ ಬೇರೆ. ಗೋಡೆಯ ಮೇಲೆ ಬಣ್ಣ ಒಣಗಿದ ಮೇಲೆ ತಗಡು ಮರಳಿ ಬಂತು. ಅದನ್ನು ಹಿಡಿದುಕೊಂಡು ಎರಡು ದಿನ ಕೂತರು, ಧಣಿಯ ಮನೆಯವರು ಯಾರಾದರೂ ಬಂದಾರು ಎಂದು. ಯಾರೂ ಬರಲಿಲ್ಲ. ಕಡೆಗೆ ನೀನೇ ನೋಡು ಎಂದು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ನಾಲ್ಕು ತುಂಡು ಮಾಡಿದರು.

ಗೋಡೆಯ ಉದ್ಘಾಟನೆ ಜೋರಾಗಿ ನಡೆಯಿತು. ಹಾರ, ಭಾಷಣ, ಈ ಊರನ್ನು ಕಟ್ಟಿದ ಮಹನೀಯರು ಎಂಬ ಮಾತು ಹತ್ತು ಸಲ. ಕೊರೆದವರ ಹೆಸರನ್ನು ಯಾರೂ ಎತ್ತಲಿಲ್ಲ, ಅದಕ್ಕೆ ನನಗೆ ಸಿಟ್ಟು ಬಂದದ್ದು ಖರೆ. ಚಾಚಾಗೆ ಬರಲಿಲ್ಲ. ನೀಲಕಂಠಪ್ಪನವರು ಗೋಡೆ ನೋಡಲು ಬಂದರೇ ಎಂದಷ್ಟೇ ಕೇಳಿದರು. ಅವರು ಹಾಸಿಗೆ ಹಿಡಿದಿದ್ದರು. ಆ ಭಾನುವಾರದ ನಂತರ ಊಟ ಬಿಟ್ಟಿದ್ದರಂತೆ. ಹೃದಯದ ರೋಗ ಮೊದಲೇ ಇತ್ತು, ನಾವು ಹೋಗಿದ್ದಕ್ಕೇ ಹೀಗಾಯಿತು ಎಂದು ಹೇಳಲಾಗದು ಎಂದು ನಾನು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ.

ಜೂನ್ ಮೊದಲ ವಾರದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಚಾಚಾ ಉಳಿ ಕೆಳಗಿಟ್ಟು ಎದ್ದು ನಿಂತರು. ಮನೆಗೆ ಬರಬೇಡ ಎಂದಿದ್ದ, ಮಣ್ಣಿಗೆ ಬರಬೇಡ ಎಂದಿರಲಿಲ್ಲ ಎಂದರು. ನಾನು ಷಟರ್ ಎಳೆದೆ. ರುದ್ರಭೂಮಿಯ ಗೇಟಿನ ಹೊರಗೆ ಸ್ಕೂಟರ್ ನಿಲ್ಲಿಸಿದೆ. ಒಳಗೆ ಜನ ಸೇರಿದ್ದರು. ಚಾಚಾ ಗೇಟಿನ ಪಕ್ಕದಲ್ಲಿ ಬಗ್ಗಿ ಒಂದು ಹಿಡಿ ಕರಿಮಣ್ಣು ತೆಗೆದುಕೊಂಡರು. ಹಿಂದಿನ ದಿನ ಮಳೆ ಬಿದ್ದಿತ್ತು, ಮಣ್ಣು ಹಸಿಯಾಗಿತ್ತು. ಮುಷ್ಟಿ ಮುಚ್ಚಿಕೊಂಡು ಎರಡು ಹೆಜ್ಜೆ ಒಳಗಿಟ್ಟಿರಬೇಕು, ಉಮಾಶ್ರೀ ನೋಡಿದಳು. ಗುಂಪು ಬಿಟ್ಟು ಬಂದು ಎದುರಿಗೆ ನಿಂತಳು. ಅತ್ತು ಅತ್ತು ಮುಖ ಊದಿತ್ತು.

"ಚಾಚಾ, ಅಪ್ಪ ಬ್ಯಾಡ ಅಂದಾರ್ರಿ. ನಿಮ್ಮ ಹೆಸರ ಹೇಳೇ ಬ್ಯಾಡ ಅಂದಾರ."

ಚಾಚಾ ಆಗಲಿ ಎಂದು ತಲೆಯಾಡಿಸಿ ಹೊಳ್ಳಿದರು. ಅವಳ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳಿಗೆ ಅಜ್ಜ ಸಿಕ್ಕಿದ್ದ, ಅದಕ್ಕೆ ಅಪ್ಪನನ್ನು ಕೊಟ್ಟಿದ್ದಳು.

ಸ್ಕೂಟರಿನ ಹಿಂದೆ ಚಾಚಾ ಒಂದೇ ಕೈಯಿಂದ ನನ್ನ ಹೆಗಲು ಹಿಡಿದು ಕೂತಿದ್ದರು. ಸ್ಟೇಶನ್ ರಸ್ತೆಯಲ್ಲಿ ಗೋಡೆ ಬಂತು, ಆನೆ, ತಕ್ಕಡಿ, ನಕ್ಷತ್ರ ದಾಟಿ ಗಿಳಿಯೂ ದಾಟಿಹೋಯಿತು. ನೋಡಿದರೋ ಇಲ್ಲವೋ ತಿಳಿಯದು. ದುರ್ಗದಬೈಲಿನಲ್ಲಿ ಇಳಿದು ತಮ್ಮ ಗೋಣಿಚೀಲದ ಮೇಲೆ ಕೂತಾಗ ನೋಡಿದೆ, ಇನ್ನೊಂದು ಕೈಯ ಮುಷ್ಟಿ ಮುಚ್ಚಿಯೇ ಇತ್ತು. ಅಲ್ಲಿಂದ ಇಲ್ಲಿಯವರೆಗೂ ಆ ಮಣ್ಣನ್ನು ಹಿಡಿದುಕೊಂಡೇ ಬಂದಿದ್ದರು.

ಅವರು ಮೆಟ್ಟಿಲ ಕಡೆ ನೋಡಿದರು, ಗಟಾರದ ಮೇಲಿನ ಕಲ್ಲು ನೋಡಿದರು, ರಸ್ತೆ ನೋಡಿದರು. ಹೆಜ್ಜೆಗೊಂದು ಅಂಗಡಿ, ನೆಲಕ್ಕೆಲ್ಲ ಸಿಮೆಂಟು. ಆಮೇಲೆ ನನ್ನ ಮುಖ ನೋಡಿದರು.

"ಇದನ್ನ ಎಲ್ಲಿ ಹಾಕ್ಲಿ, ಪ್ರಸಾದ?"

ಹೇಳಿಬಿಡಿ ಎಂದವನು ನಾನೇ. ಒಂದು ಹಿತ್ತಾಳೆ ತಂಬಿಗೆ ತಂದು ಅವರ ಮುಂದೆ ಹಿಡಿದೆ. ಅವರು ಅದರೊಳಗೆ ಮುಷ್ಟಿ ಬಿಚ್ಚಿದರು. ತಂಬಿಗೆ ಈಗಲೂ ನನ್ನ ಅಂಗಡಿಯ ಮೇಲಿನ ಸಾಲಿನಲ್ಲಿದೆ. ಗಿರಾಕಿಗಳು ಕೇಳುತ್ತಾರೆ, ಅದು ಮಾರಾಟಕ್ಕಿಲ್ಲ ಎನ್ನುತ್ತೇನೆ. ಅದರ ಮೇಲೆ ಚಾಚಾ ಯಾರ ಹೆಸರನ್ನೂ ಕೊರೆದಿಲ್ಲ.